ದೊಡ್ಡಪತ್ರೆಯ ಗುರುತು

ವೇಲಚೇರಿಯ ಮನೆಗಳ ಮುಂದೆ, ಮಹಡಿಯ ಮೇಲೆ, ಒಡೆದ ಬಕೆಟ್ಟಿನಲ್ಲಿಯೋ ಹಳೆಯ ಡಬ್ಬಿಯಲ್ಲಿಯೋ ಬೆಳೆದಿರುವ ಒಂದು ಗಿಡವನ್ನು ನಮ್ಮ ವಿದ್ಯಾರ್ಥಿಗಳು ನಿತ್ಯವೂ ಕಾಣುತ್ತಾರೆ. ನೆರೆಮನೆಯವರು ಅದನ್ನು ಕರ್ಪೂರವಲ್ಲಿ ಎನ್ನುವರು; ಕೆಲವರು ಓಮವಲ್ಲಿ ಎನ್ನುವರು. ಮನೆಯಲ್ಲಿ ಅಜ್ಜಿಯು ಕೆಮ್ಮಿಗೆ ದೊಡ್ಡಪತ್ರೆ ಒಳ್ಳೆಯದೆಂದಾಗ, ಅದು ಊರಿನಲ್ಲಿ ಮಾತ್ರ ಬೆಳೆಯುವ ಬೇರೊಂದು ಗಿಡವೆಂದು ಮಕ್ಕಳು ಭಾವಿಸುವುದುಂಟು. ಎರಡೂ ಒಂದೇ. ಹೆಸರನ್ನು ಬಲ್ಲವನು ಗಿಡವನ್ನು ಅರಿಯದಿದ್ದರೂ, ಗಿಡವನ್ನು ಕಂಡವನು ಹೆಸರನ್ನು ಅರಿಯದಿದ್ದರೂ ಅದು ಅರ್ಧ ವಿದ್ಯೆಯೇ ಎಂಬುದು ನಮ್ಮ ಅಭಿಪ್ರಾಯ.

ಹೆಸರೊಂದನ್ನೇ ನಂಬಿದರೆ ಮೋಸಹೋಗಬಹುದು. ಓಮದ ಕಾಳನ್ನು ಕೊಡುವ ಗಿಡವು ಕೊತ್ತಂಬರಿಯ ಕುಟುಂಬದ್ದು. ದೊಡ್ಡಪತ್ರೆಯಾದರೋ ತುಳಸಿ, ಪುದೀನ, ತುಂಬೆಗಳ ಕುಟುಂಬಕ್ಕೆ ಸೇರಿದುದು. ಓಮದಲ್ಲಿರುವ ಥೈಮಾಲ್ ಎಂಬ ದ್ರವ್ಯವು ಇದರ ಎಲೆಯಲ್ಲಿಯೂ ಇರುವುದರಿಂದ ವಾಸನೆಯಲ್ಲಿ ಹೋಲಿಕೆಯುಂಟು. ಇನ್ನು ಇಲ್ಲಿಯ ಮಾರುಕಟ್ಟೆಯಲ್ಲಿ ಕರ್ಪೂರವಲ್ಲಿಯನ್ನು ಕೇಳಿದರೆ ಬಾಳೆಹಣ್ಣನ್ನು ಕೊಟ್ಟಾರು. ಆ ಹೆಸರಿನ ಬಾಳೆಯ ತಳಿಯೂ ಇದೆ. ವಿಜ್ಞಾನಿಗಳು ಕೂಡ 1790ರಲ್ಲಿ ಇದಕ್ಕೆ ಕೋಲಿಯಸ್ ಅಂಬೋಯ್ನಿಕಸ್ ಎಂದು ಹೆಸರಿಟ್ಟು, ಬಳಿಕ ಪ್ಲೆಕ್ಟ್ರಾಂಥಸ್ ಎಂದು ಬದಲಿಸಿ, 2019ರಲ್ಲಿ ಮತ್ತೆ ಮೊದಲಿನ ಹೆಸರಿಗೇ ಮರಳಿದರು.

ಆದುದರಿಂದ ಗಿಡವನ್ನೇ ನೋಡಿ ಗುರುತಿಸಲು ಕಲಿಯಬೇಕು. ಎಳೆಯ ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದರೆ ನಾಲ್ಕು ಮೂಲೆಗಳು ತಿಳಿಯುವುವು. ಎಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿ ಹುಟ್ಟುವುವು. ಒಂದು ಜೋಡಿಗೆ ಮುಂದಿನ ಜೋಡಿ ಅಡ್ಡವಾಗಿರುವುದು. ಇಷ್ಟು ಲಕ್ಷಣ ತುಳಸಿಯಲ್ಲಿಯೂ ಉಂಟು. ದೊಡ್ಡಪತ್ರೆಯ ಎಲೆಯಾದರೋ ದಪ್ಪ, ರಸಭರಿತ, ನವಿರಾದ ರೋಮಗಳುಳ್ಳದ್ದು, ಅಂಚು ದುಂಡುಹಲ್ಲಿನದು, ಹಿಸುಕಿದೊಡನೆ ಓಮದ ಕಟುವಾಸನೆ ಬರುವುದು. ಅಲಂಕಾರಕ್ಕೆ ಬೆಳೆಸುವ ಬಣ್ಣದ ಕೋಲಿಯಸ್ ಇದರ ಬಂಧುವಾದರೂ ಅದರ ಎಲೆ ತೆಳು, ಈ ವಾಸನೆಯೂ ಇಲ್ಲ. ಎಲ್ಲ ಗುರುತುಗಳೂ ಕೂಡಿಬಾರದೆ ಯಾವ ಎಲೆಯನ್ನೂ ಬಾಯಿಗೆ ಹಾಕಬಾರದು.

ಬೆಳೆಸುವುದು ಸುಲಭ. ಒಂದು ಗೇಣುದ್ದದ ತುಂಡನ್ನು ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟರೆ ಎರಡು ಮೂರು ವಾರಗಳಲ್ಲಿ ಬೇರು ಬಿಡುವುದು. ಎಲೆಯಲ್ಲಿಯೇ ನೀರನ್ನು ಕೂಡಿಟ್ಟುಕೊಳ್ಳುವುದರಿಂದ ನಾಲ್ಕು ದಿನ ನೀರೆರೆಯಲು ಮರೆತರೂ ಸಾಯದು. ನಿಂತ ನೀರನ್ನು ಮಾತ್ರ ಸಹಿಸದು. ನಮ್ಮ ವೇಲಚೇರಿಯೋ ಪಳ್ಳಿಕರಣೆಯ ಜೌಗಿನ ನೆರೆಯ ತಗ್ಗುನೆಲ. 2015ರ ಡಿಸೆಂಬರಿನಲ್ಲಿ ಇಲ್ಲಿಯ ಬೀದಿಗಳು ಮುಳುಗಿದುದನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಆದುದರಿಂದ ತಳದಲ್ಲಿ ತೂತುಳ್ಳ ಕುಂಡವನ್ನು ನಾಲ್ಕು ಇಟ್ಟಿಗೆಗಳ ಮೇಲಿಡಬೇಕು; ಬೇಸಗೆಯ ಮಧ್ಯಾಹ್ನ ಕೊಂಚ ನೆರಳಿರಲಿ.

ಇದರ ತಂಬುಳಿ, ಬಜ್ಜಿಗಳ ರುಚಿಯನ್ನು ಬಣ್ಣಿಸಬೇಕಾಗಿಲ್ಲ. ನೆಗಡಿ ಕೆಮ್ಮುಗಳಿಗೆ ಕಷಾಯ ಮಾಡುವ ವಾಡಿಕೆಯೂ ಹಳೆಯದು. ಆದರೆ ಜ್ವರ ಬಿಡದಿದ್ದರೆ, ಉಸಿರು ಕಟ್ಟಿದರೆ, ರೋಗಿಯು ಹಸುಗೂಸಾಗಿದ್ದರೆ ವೈದ್ಯರಲ್ಲಿಗೇ ಹೋಗಬೇಕು.

ಚೆನ್ನೈಯಲ್ಲಿರುವವರಿಗೆ ಗಿಡದ ಕನ್ನಡ ಹೆಸರೇಕೆ ಎಂದು ಕೇಳುವವರಿದ್ದಾರೆ. ತಮಿಳು ಹೆಸರನ್ನು ಬಿಡಿರೆಂದು ನಾವು ಹೇಳುತ್ತಿಲ್ಲ; ಅದಿಲ್ಲದೆ ನೆರೆಯವರೊಡನೆ ಬಾಳುವುದೆಂತು? ಆದರೆ ಮಾತು ಪುಸ್ತಕದಲ್ಲಿ ಮಾತ್ರ ಉಳಿದರೆ ಪರೀಕ್ಷೆ ಮುಗಿದೊಡನೆ ಮರೆತುಹೋಗುವುದು. ಕೈಯಲ್ಲಿ ಹಿಸುಕಿದ ಎಲೆಯೊಡನೆ ಬಂದ ಮಾತು ಮರೆಯದು. ಶಾಲೆಯ ಅಂಗಳದಲ್ಲಿ ಇಂತಹ ಹತ್ತು ಕುಂಡಗಳಿರಲಿ, ಒಂದೊಂದಕ್ಕೂ ಕನ್ನಡ ತಮಿಳು ಎರಡು ಹೆಸರುಗಳ ಫಲಕವಿರಲಿ ಎಂಬುದು ನಮ್ಮ ಕೋರಿಕೆ. ವಿದ್ಯಾರ್ಥಿಗಳೇ, ಅದಕ್ಕಾಗಿ ಕಾಯಬೇಡಿರಿ. ನೆರೆಮನೆಯವರಲ್ಲಿ ಕರ್ಪೂರವಲ್ಲಿಯ ಒಂದು ಕಡ್ಡಿಯನ್ನು ಕೇಳಿ ತನ್ನಿರಿ. ಮನೆಯಲ್ಲಿ ದೊಡ್ಡಪತ್ರೆಯನ್ನು ನೆಡಿರಿ.