ಊರಲ್ಲಿ ನೆಟ್ ಇದೆ, ಆಫೀಸ್ ವಿಪಿಎನ್ ಯಾಕೆ ಕೈಕೊಡುತ್ತೆ?

ಹೊಳೆನರಸೀಪುರ: ದೇಶಕ್ಕೆ ಪ್ರಧಾನಿಯನ್ನು ಕೊಟ್ಟ ಹರದನಹಳ್ಳಿಯಂಥ ಊರುಗಳಿಗೂ 2020ರ ಲಾಕ್‌ಡೌನ್ ವರ್ಕ್ ಫ್ರಂ ಹೋಮ್ ಪರಿಚಯಿಸಿತು. ಅದೇ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಬಿಪಿಒ ಕಂಪನಿಗಳ ಮೇಲಿನ ನಿಯಮ ಸಡಿಲಿಸಿ ದಾರಿ ಸಲೀಸು ಮಾಡಿತು.

ಆದರೆ ಮನೇಲಿ ಯೂಟ್ಯೂಬ್ ಓಡುತ್ತೆ, ಆಫೀಸಿನ ವಿಪಿಎನ್ ಮಾತ್ರ ನಿಲ್ಲಲ್ಲ. ಸ್ಪೀಡ್ ಒಂದೇ ಕಾರಣವಲ್ಲ. ವಿಡಿಯೊ ಮುಂಚೆಯೇ ಒಂದಿಷ್ಟು ತುಂಬಿಕೊಂಡಿರುತ್ತೆ, ನೆಟ್ ಎರಡು ಸೆಕೆಂಡ್ ಕಡಿದರೂ ಗೊತ್ತಾಗಲ್ಲ. ವಿಪಿಎನ್ ಕಡಿದರೆ ಮತ್ತೆ ಲಾಗಿನ್ ಆಗಬೇಕಾಗಬಹುದು. ಜತೆಗೆ ಮೊಬೈಲ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುತ್ತವೆ; ಹಳೆಯ ಮಾದರಿಯ ಕೆಲವು ವಿಪಿಎನ್‌ಗಳು ಅಲ್ಲೇ ಮುಗ್ಗರಿಸುತ್ತವೆ.

ಪತ್ತೆ ಹೇಗೆ? ಮೊದಲು ಕಂಪ್ಯೂಟರಿನ ದಿನಾಂಕ, ಸಮಯ ನೋಡಿ; ತಪ್ಪಿದ್ದರೆ ಭದ್ರತಾ ಸರ್ಟಿಫಿಕೇಟ್ ತಿರಸ್ಕೃತವಾಗುತ್ತೆ. ನಂತರ ಬೇರೆ ಕಂಪನಿಯ ಸಿಮ್ ಹಾಟ್‌ಸ್ಪಾಟ್‌ನಲ್ಲಿ ಪ್ರಯತ್ನಿಸಿ. ಅಲ್ಲಿ ಕನೆಕ್ಟ್ ಆದರೆ ತಕರಾರು ಮನೆಯ ರೂಟರ್ ಇಲ್ಲವೇ ಲೈನಿನದ್ದು. ಎರಡರಲ್ಲೂ ಆಗದಿದ್ದರೆ ಬಹುತೇಕ ಕಂಪ್ಯೂಟರ್ ಅಥವಾ ಆಫೀಸಿನ ಕಡೆಯದ್ದು. ಎರರ್ ನಂಬರ್ ಬರೆದುಕೊಂಡು ಆಫೀಸಿನ ಐಟಿ ವಿಭಾಗಕ್ಕೆ ಹೇಳಿ. ಪುಕ್ಕಟೆ ವಿಪಿಎನ್ ಆ್ಯಪ್ ಹಾಕೋದು ಇದಕ್ಕೆ ಮದ್ದಲ್ಲ.

ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಒಪ್ಪಿದ್ದು 2011ರಲ್ಲಿ. ಪಂಚಾಯಿತಿ ಬಾಗಿಲಿಗೆ ಬಂದರೆ ಸಾಲದು, ಮನೆಗೂ ಬರಬೇಕು, ಕರೆಂಟು ಹೋದಾಗಲೂ ನಿಲ್ಲಬಾರದು. ಇಲ್ಲದಿದ್ದರೆ ಊರಲ್ಲಿದ್ದು ಅಪ್ಪ-ಅಮ್ಮನ್ನ ನೋಡಿಕೊಳ್ಳುತ್ತಾ ದುಡಿಯೋ ಮಕ್ಕಳು ಮತ್ತೆ ಬೆಂಗಳೂರು ಬಸ್ಸು ಹತ್ತಬೇಕಾಗುತ್ತೆ.