ನಿಂತ ಲಾರಿಗೂ ದೀಪ ಬೇಕು



ಹಿರಿಯೂರು–ಚಿತ್ರದುರ್ಗ ನಡುವೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ರಾತ್ರಿ ಓಡಾಡುವವರಿಗೆ ಗೊತ್ತು: ಡಾಬಾ ಎದುರು, ಪಂಕ್ಚರ್ ಅಂಗಡಿ ಪಕ್ಕ ಲಾರಿಗಳು ಕತ್ತಲಲ್ಲಿ ರಸ್ತೆಯ ಮೇಲೇ ನಿಂತಿರುತ್ತವೆ. ನಿಂತ ವಾಹನಕ್ಕೂ ಪಾರ್ಕಿಂಗ್ ದೀಪ ಉರಿಯುತ್ತಿರಬೇಕು ಎನ್ನುತ್ತವೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು. ಬ್ಯಾಟರಿ ಇಳಿದೀತೆಂದು ಹಲವರು ಆರಿಸಿಬಿಡುತ್ತಾರೆ. ಇಳಿಬಿದ್ದ ಟಾರ್ಪಾಲು, ಹುಲ್ಲಿನ ಲೋಡು ರಿಫ್ಲೆಕ್ಟರ್ ಪಟ್ಟಿಯನ್ನೂ ಮುಚ್ಚಿರುತ್ತವೆ. ಕೆಟ್ಟು ನಿಂತರೆ ಹಿಂದೆ ನಾಲ್ಕು ಕಲ್ಲು, ಒಂದು ಮರದ ಟೊಂಗೆ. ಲಾರಿ ಹೊರಟ ಮೇಲೂ ಆ ಕಲ್ಲು ಅಲ್ಲೇ ಉಳಿದು ಬೈಕಿನವರ ಪ್ರಾಣಕ್ಕೆ ಎರವಾಗುತ್ತದೆ.

ಹೀಗೆ ನಿಂತ ಲಾರಿಗೆ ಗುದ್ದಿ ಸಾವು ಸಂಭವಿಸಿದರೆ ಪೊಲೀಸರು ವಾಹನ ಜಪ್ತಿ ಮಾಡುತ್ತಾರೆ. ಜಪ್ತಿಯಾದದ್ದನ್ನು ಠಾಣೆಯಲ್ಲಿ ಕೊಳೆಯಲು ಬಿಡದೆ, ಪಂಚನಾಮೆ, ಫೋಟೊ, ಬಾಂಡ್ ಪಡೆದು ಬೇಗ ಬಿಡಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಅದು ಸರಿಯೇ, ಸಾಲ ಮಾಡಿ ಒಂದೇ ಲಾರಿ ಇಟ್ಟುಕೊಂಡವರೂ ಬದುಕಬೇಕು. ಆದರೆ ಅದೇ ಕೆಟ್ಟ ದೀಪದೊಂದಿಗೆ ಆ ಲಾರಿ ಮತ್ತೆ ರಸ್ತೆಗಿಳಿದರೆ ಸತ್ತವರಿಗೆ ಮಾಡಿದ ಅನ್ಯಾಯ. ಅಪಘಾತದ ಬಳಿಕ ವಾಹನ ಪರಿಶೀಲಿಸುವ ಮೋಟಾರು ವಾಹನ ನಿರೀಕ್ಷಕರು ಬ್ರೇಕಿನ ಜೊತೆ ಹಿಂಬದಿ ದೀಪ, ವೈರಿಂಗ್, ರಿಫ್ಲೆಕ್ಟರ್ ಸ್ಥಿತಿಯನ್ನೂ ವರದಿಯಲ್ಲಿ ಕಡ್ಡಾಯವಾಗಿ ಬರೆಯಲಿ. ಅವು ರಿಪೇರಿಯಾಗುವ ತನಕ ಬಿಡುಗಡೆ ಬೇಡ. ದೀಪ ಹಾಕಿಸದ ಮಾಲೀಕನನ್ನು ಬಿಟ್ಟು ಚಾಲಕನೊಬ್ಬನ ಮೇಲೆ ಕೇಸು ಹಾಕುವುದೂ ನಿಲ್ಲಲಿ.

– ಓದುಗ, ಹಿರಿಯೂರು