ದಿನಂಪ್ರತಿ ಸತ್ಯವೇದ ಓದುವ ವಿಷಯವಾಗಿ ಕೆಲವು ಮಾತುಗಳು



ಈ ಸ್ಮರಣಸಂಚಿಕೆಗೆ ಏನಾದರೂ ಬರೆಯಬೇಕೆಂದು ಅಪ್ಪಣೆಯಾದಾಗ ನಮ್ಮ ಮನಸ್ಸಿಗೆ ಮೊದಲು ಬಂದ ವಿಷಯವು ದಿನಂಪ್ರತಿ ಸತ್ಯವೇದ ಓದುವ ಅಭ್ಯಾಸವೇ. ಈ ಅಭ್ಯಾಸವನ್ನು ಹೊಗಳಿ ಬರೆದವರು ಬಹು ಮಂದಿ ಇದ್ದಾರೆ. ನಾವಾದರೋ ಅದನ್ನು ಹೇಗೆ ಕೆಡಿಸಿಕೊಂಡೆವು, ಯಾರಿಂದ ತಿದ್ದಿಸಿಕೊಂಡೆವು ಎಂಬದನ್ನು ಹೇಳಿದರೆ ಓದುವವರಿಗೆ ಹೆಚ್ಚು ಪ್ರಯೋಜನವಾದೀತೆಂದು ನೆನಸುತ್ತೇವೆ.

ನಮ್ಮ ಮನೆಯಲ್ಲಿದ್ದ ಸತ್ಯವೇದದಲ್ಲಿ 66 ಪುಸ್ತಕಗಳೂ 1,189 ಅಧ್ಯಾಯಗಳೂ ಇದ್ದವು. ವಾರದ ಆರು ದಿನಗಳಲ್ಲಿ ಮೂರು ಮೂರು ಅಧ್ಯಾಯಗಳನ್ನೂ ಆದಿತ್ಯವಾರ ಐದು ಅಧ್ಯಾಯಗಳನ್ನೂ ಓದಿದರೆ ಒಂದು ವರುಷದೊಳಗೆ ಎಲ್ಲವೂ ಮುಗಿಯುವದೆಂಬ ಲೆಕ್ಕವನ್ನು ಬಾಲ್ಯದಲ್ಲಿ ಕಲಿತ ನಾವು, ಪ್ರತಿಯೊಂದು ಅಧ್ಯಾಯದ ಕೊನೆಯಲ್ಲಿ ಸೀಸದ ಕಡ್ಡಿಯಿಂದ ಗುರುತು ಹಾಕುತ್ತಾ ಓಡಿದೆವು. ವರುಷಾಂತ್ಯಕ್ಕೆ ಗುರುತುಗಳು ತುಂಬಿದವು; ಓದಿದ್ದು ಏನೆಂದು ಯಾರಾದರೂ ಕೇಳಿದ್ದರೆ ತಲೆತಗ್ಗಿಸಬೇಕಾಗುತ್ತಿತ್ತು. ಯಾರೂ ಕೇಳಲಿಲ್ಲವಾದದರಿಂದ ನಮ್ಮ ಹಮ್ಮು ಹಾಗೆಯೇ ಉಳಿಯಿತು.

ಸಾಯಂಕಾಲ ದೀಪ ಹಚ್ಚಿದ ಬಳಿಕ ಅಜ್ಜಿಗೆ ಓದಿ ಹೇಳುವ ಕೆಲಸವು ನಮ್ಮದಾಗಿತ್ತು. ಅಜ್ಜಿಗೆ ಅಕ್ಷರಜ್ಞಾನವಿರಲಿಲ್ಲ. ಒಂದು ಸಂಜೆ ರೂತಳ ಚರಿತ್ರೆಯ ಎರಡನೆಯ ಅಧ್ಯಾಯವನ್ನು ಎಂದಿನ ವೇಗದಿಂದ ಓದುತ್ತಿರುವಾಗ ಅಜ್ಜಿಯು ಕೈಯೆತ್ತಿ, "ತಡಿ ಹೆಣೆ, ಹಕ್ಕಲ್ ಅಂದ್ರೆ ಎಂತ, ನಿಂಗ್ ಗೊತ್ತಿತಾ?" ಎಂದು ಕೇಳಿದರು. ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಆ ಶಬ್ದವನ್ನು ನಾವು ಎಷ್ಟೋ ಸಾರಿ ದಾಟಿ ಹೋಗಿದ್ದೆವು.

ಆಗ ಅಜ್ಜಿಯು ಹೇಳಿದರು. ಕೊಯ್ಲು ಮುಗಿದು ಸೂಡಿಗಳನ್ನು ಹೊತ್ತುಕೊಂಡು ಹೋದ ಮೇಲೆ ಗದ್ದೆಯಲ್ಲಿ ಬಿದ್ದಿರುವ ತೆನೆಗಳೇ ಹಕ್ಕಲು. ತಾವು ಚಿಕ್ಕವರಿದ್ದಾಗ ತಾಯಿಯ ಹಿಂದೆ ಬುಟ್ಟಿ ಹಿಡಿದು ಹೆರವರ ಗದ್ದೆಗಳಲ್ಲಿ ಅದನ್ನು ಹೆಕ್ಕಿದ್ದುಂಟು. ಒಮ್ಮೆ ಗದರಿಸಿ ಓಡಿಸಲ್ಪಟ್ಟು ಬರಿಗೈಯಲ್ಲಿ ಮನೆಗೆ ಬಂದದ್ದೂ ಉಂಟು. ಬೋವಜನು ತನ್ನ ಆಳುಗಳಿಗೆ, ಈ ಪರದೇಶಿ ಹೆಂಗಸಿಗಾಗಿ ಸೂಡಿಗಳೊಳಗಿಂದ ಬೇಕೆಂದೇ ತೆನೆಗಳನ್ನು ಬೀಳಿಸಿ ಬಿಡಿರೆಂದು ಹೇಳಿದ ಭಾಗವನ್ನು ಅಜ್ಜಿಯು ಎರಡು ಸಾರಿ ಓದಿಸಿದರು. ಆ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಅಂದು ನಾವು ಗುರುತು ಹಾಕಲಿಲ್ಲ. ಆ ಅಧ್ಯಾಯದಲ್ಲಿರುವ ವಚನಗಳು 23 ಮಾತ್ರ. ಆದರೂ ಇಡೀ ವರುಷದ ಓದಿನಲ್ಲಿ ನಮ್ಮ ಹೃದಯಕ್ಕೆ ಮುಟ್ಟಿದ್ದು ಅದೊಂದೇ.

ಆದದರಿಂದ ನಮ್ಮ ಅಭಿಪ್ರಾಯವೇನಂದರೆ, ದಿನಂಪ್ರತಿಯ ಓದು ಕೊಂಚವಾಗಿರಲಿ, ಗಟ್ಟಿಯಾಗಿರಲಿ, ಇನ್ನೊಬ್ಬರ ಸಂಗಡ ಆಗಲಿ. ಒಬ್ಬಳೇ ಓದುವವಳು ತನಗೆ ತಿಳಿಯದ್ದನ್ನು ಸುಲಭವಾಗಿ ದಾಟುತ್ತಾಳೆ. ಕೇಳುವವರೊಬ್ಬರು ಎದುರಿಗಿದ್ದರೆ ದಾಟಗೊಡುವದಿಲ್ಲ. ಇದು ಹೊಸ ಮಾತೇನೂ ಅಲ್ಲ. ನೆಹೆಮೀಯನ ಗ್ರಂಥದ 8ನೆಯ ಅಧ್ಯಾಯದಲ್ಲಿ ಎಜ್ರನು ಗಂಡಸರೂ ಹೆಂಗಸರೂ ಕೂಡಿದ್ದ ಸಭೆಯ ಮುಂದೆ ಬೆಳಿಗ್ಗೆಯಿಂದ ಮಧ್ಯಾಹ್ನದ ವರೆಗೆ ಧರ್ಮಶಾಸ್ತ್ರವನ್ನು ಓದಿದಾಗ, ಲೇವಿಯರು ಜನರಿಗೆ ಅರ್ಥವನ್ನು ಬಿಡಿಸಿ ಹೇಳಿದರೆಂದು ಬರೆದದೆ. ತಿಮೊಥೆಯ ವಿಶ್ವಾಸವನ್ನು ನೆನಸುವ ಪೌಲನು ಮೊದಲು ಹೆಸರಿಸುವದು ಅವನ ಅಜ್ಜಿಯಾದ ಲೋವಿಯನ್ನೂ ತಾಯಿಯಾದ ಯೂನಿಕೆಯನ್ನೂ. ನಮ್ಮ ನೆರೆಹೊರೆಯ ಹಿಂದೂ ಮನೆಗಳಲ್ಲಿ ಮಳೆಗಾಲದ ಇರುಳು ಪುರಾಣ ಓದುವಾಗ ಒಬ್ಬರು ಓದಿ ಇನ್ನೊಬ್ಬರು ಅರ್ಥ ಹೇಳುವ ಕ್ರಮವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಜನರ ಭಾಷೆಯಲ್ಲಿ ವೇದವು ದೊರೆಯಬೇಕೆಂದು ಪಟ್ಟ ಶ್ರಮವಾದರೂ ಎಷ್ಟು! ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರು ದುಡಿದು 1831ರಲ್ಲಿ ಕನ್ನಡ ಸತ್ಯವೇದವನ್ನು ಸಂಪೂರ್ಣವಾಗಿ ಹೊರತಂದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1841ರಲ್ಲಿ ಅಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿದರು. ಹೆಣ್ಣುಮಕ್ಕಳು ವಿಶೇಷವಾಗಿ ನೆನಸಬೇಕಾದವರು ಪಂಡಿತಾ ರಮಾಬಾಯಿಯವರು. ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ನಮ್ಮ ಕಾರ್ಕಳದ ಕಡೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಜನರ ನಿಂದೆಗೆ ಗುರಿಯಾದವರು. ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ರಮಾಬಾಯಿಯವರು ತಾಯಿಯ ಬಾಯಿಂದಲೇ ಸಂಸ್ಕೃತ ಕಲಿತರು. ಮುಂದೆ ಇಬ್ರಿಯ ಗ್ರೀಕ್ ಭಾಷೆಗಳನ್ನೂ ಅಭ್ಯಾಸಮಾಡಿ, ಸಾಮಾನ್ಯ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಇಡೀ ಸತ್ಯವೇದವನ್ನು ಭಾಷಾಂತರಿಸುವದರಲ್ಲಿ ತಮ್ಮ ಕಡೇ ವರುಷಗಳನ್ನು ಕಳೆದು 1922ರಲ್ಲಿ ತೀರಿಕೊಂಡರು. ತಾಯಿಯಿಂದ ಮಗಳಿಗೆ ಬಂದ ವಿದ್ಯೆಯು ಹೀಗೆ ಸಾವಿರಾರು ಹೆಂಗಸರಿಗೆ ಹಂಚಿಹೋಯಿತು.

ಈಗ ನಮ್ಮ ಊರುಗಳ ಸ್ಥಿತಿಯನ್ನು ನೋಡೋಣ. ಬೈಂದೂರಿನಿಂದ ಕುಂದಾಪುರವಾಗಿ ಬ್ರಹ್ಮಾವರಕ್ಕೆ ಬರುವಷ್ಟರಲ್ಲಿ ಕುಂದಗನ್ನಡ, ಕೊಂಕಣಿ, ತುಳು ಎಂಬ ಮೂರು ಮನೆಮಾತುಗಳು ಕಿವಿಗೆ ಬೀಳುತ್ತವೆ. ಬಾಸೆಲ್ ಮಿಶನ್ ಪರಂಪರೆಯ ಮನೆಗಳಲ್ಲಿ ಕನ್ನಡ ಸತ್ಯವೇದವು ಬಹು ಕಾಲದಿಂದ ಇದೆ. ಕೊಂಕಣಿ ಮಾತಾಡುವ ಕಥೋಲಿಕರ ಮನೆಗಳಲ್ಲಿ ಸಾಯಂಕಾಲದ ತೇರ್ಸ್ ಜಪವೇ ಮುಖ್ಯವಾಗಿತ್ತು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ವಿಶ್ವಾಸಿಗಳೆಲ್ಲರೂ ವೇದವನ್ನು ಮೇಲಿಂದ ಮೇಲೆ ಓದಬೇಕೆಂದು ಪ್ರೇರಿಸಿದ ಬಳಿಕ ಓದುವದಕ್ಕೂ ಸ್ಥಾನ ದೊರೆಯಿತು. ಬ್ರಹ್ಮಾವರದಲ್ಲಿ ಸುರಿಯಾನಿ ಸಂಪ್ರದಾಯದ ಸಭೆಯೂ ಇದೆ. ಸಭೆಗಳು ಬೇರೆಯಾದರೂ ಎಲ್ಲರ ಮನೆಯ ಕಷ್ಟವು ಈಗ ಒಂದೇ ಆಗಿದೆ. ಅಂದು ಅಕ್ಷರವಿಲ್ಲದ ಅಜ್ಜಿಗೆ ಅಕ್ಷರ ಬಲ್ಲ ಮೊಮ್ಮಗಳು ಓದಿ ಹೇಳುತ್ತಿದ್ದಳು. ಇಂದು ಅಜ್ಜಿಗೆ ಅಕ್ಷರ ಬರುತ್ತದೆ, ಆದರೆ ಕಣ್ಣು ಮಂಜಾಗಿದೆ; ಮೊಮ್ಮಗಳ ಕಣ್ಣು ಚೆನ್ನಾಗಿದೆ, ಆದರೆ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತ ಆಕೆಯ ನಾಲಿಗೆಯು ಕನ್ನಡ ಒತ್ತಕ್ಷರದಲ್ಲಿ ಎಡವುತ್ತದೆ. ಮೊಮ್ಮಗಳು ಮೊಬೈಲಿನಲ್ಲಿ ಇಂಗ್ಲಿಷ್ ವಚನವೊಂದನ್ನು ಮೌನವಾಗಿ ಓದಿ ಮುಗಿಸುತ್ತಾಳೆ. ಅಜ್ಜಿಯು ಬೇರೊಂದು ಕೋಣೆಯಲ್ಲಿ ಬಾಯಿಪಾಠದ ಕೀರ್ತನೆಯನ್ನು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾಳೆ. ಒಂದೇ ಮಾಡಿನ ಕೆಳಗೆ ಇಬ್ಬರೂ ಓದುತ್ತಾರೆ, ಒಬ್ಬರನ್ನೊಬ್ಬರು ಕೇಳುವದಿಲ್ಲ.

ಮಕ್ಕಳಿಗೆ ಇಂಗ್ಲಿಷೇ ಚೆನ್ನಾಗಿ ತಿಳಿಯುವದೆಂದು ತಾಯಿತಂದೆಗಳು ಹೇಳುವದು ಸುಳ್ಳಲ್ಲ. ಮೊಬೈಲಿನಲ್ಲಿ ಓದುವದು ತಪ್ಪೆಂದೂ ನಾವು ಹೇಳೆವು. ಬೆಳಿಗ್ಗೆ ಅವರು ತಮಗೆ ಬೇಕಾದ ಭಾಷೆಯಲ್ಲಿ ಓದಿಕೊಳ್ಳಲಿ. ಸಾಯಂಕಾಲ ಮಾತ್ರ ಹತ್ತು ನಿಮಿಷ, ಮನೆಯ ಹಿರಿಯರಿಗೆ ತಿಳಿಯುವ ಭಾಷೆಯಲ್ಲಿ ಹತ್ತೋ ಹನ್ನೆರಡೋ ವಚನಗಳನ್ನು ಗಟ್ಟಿಯಾಗಿ ಓದಲಿ. ತಪ್ಪಿದರೆ ಅಜ್ಜಿಯು ತಿದ್ದುವರು. ಆ ತಿದ್ದುವಿಕೆಯಲ್ಲಿಯೇ ಭಾಷೆಯೂ ಕಥೆಯೂ ಮನೆತನದ ನೆನಪೂ ಕೈದಾಟುವವು. ಇತರ ಮತದ ನಮ್ಮ ಸಹಪಾಠಿಗಳೂ ತಮ್ಮ ತಮ್ಮ ಮನೆಯ ಗ್ರಂಥವನ್ನು ಹೀಗೆಯೇ ತೆರೆದರೆ ನಮಗೆ ಸಂತೋಷವೇ.

ನಮ್ಮ ಅಜ್ಜಿಯು ಈಗ ಇಲ್ಲ. ಗುರುತು ಹಾಕಿದ ಆ ಸತ್ಯವೇದವು ನಮ್ಮಲ್ಲಿದೆ. ರೂತಳ ಎರಡನೆಯ ಅಧ್ಯಾಯದ ಕೊನೆಗೆ ಗುರುತಿಲ್ಲ. ಅದನ್ನು ಹಾಕುವ ಮನಸ್ಸು ನಮಗೆ ಇಂದಿಗೂ ಬಂದಿಲ್ಲ. ಸಹೋದರಿಯರೇ, ನಿಮ್ಮ ಮನೆಯಲ್ಲಿ ಕೇಳುವ ಹಿರಿಯರೊಬ್ಬರು ಇನ್ನೂ ಇದ್ದರೆ, ಈ ಸಂಜೆಯೇ ಮಗಳ ಕೈಗೆ ಪುಸ್ತಕವನ್ನು ಕೊಟ್ಟು ಅವರ ಬಳಿಯಲ್ಲಿ ಕೂರಿಸಿರಿ.